ಬಸುರಿ ದೋಣಿ

ಹಲಗೆ ಕೂರಲಿಲ್ಲ.

ಪಂದ್ಯದ ದೋಣಿಗಳನ್ನು ಅಳೆದು ತೀರ್ಪು ಹೇಳುವ ಅಳತೆಯಮ್ಮ ಅದನ್ನು ಎತ್ತಿ, ಒರೆಸಿ, ಮತ್ತೆ ಇಟ್ಟಳು. ಮಗುಚಿ ಮಲಗಿಸಿದ್ದ ಹಾಯಿದೋಣಿಯ ಎರಡೂ ಪಕ್ಕೆಗೆ, ಕಮಾನಿನಂತೆ ಕೊಯ್ದ ಹಲಗೆಯ ಒಳಬಾಗು ಕಚ್ಚಿಕೊಂಡಿತು. ನಡುವೆ, ಬೆನ್ನಿನ ಹತ್ತಿರ, ಸಂದು ಉಳಿಯಿತು. ಕಿರುಬೆರಳು ತೂರಿಸಿ ನೋಡಿದಳು. ಸಲೀಸಾಗಿ ಹೋಯಿತು.

ಅದು ಯಾರೋ ಕಟ್ಟಿ ತಂದ ಹೊಸ ದೋಣಿಯಾಗಿದ್ದರೆ “ಆಗಲ್ಲ, ತಗೊಂಡು ಹೋಗಿ” ಎಂದು ಕೈತೊಳೆದುಕೊಳ್ಳುತ್ತಿದ್ದಳು. ಇದು ಮೊತ್ತಮೊದಲ ದೋಣಿ. ನೂರು ವರ್ಷದ ಹಿಂದೆ ಒಬ್ಬ ಬಡಗಿ ಇದನ್ನು ಕಟ್ಟಿ, ಇದರ ಮೈಗೆ ಸರಿಯಾಗಿ ಒಂದು ಹಲಗೆ ಕೊಯ್ದಿಟ್ಟ. ಆಮೇಲೆ ಬಂದ ದೋಣಿಗಳೆಲ್ಲ ಆ ಹಲಗೆಗೆ ಕೂದಲೆಳೆಯೂ ಆಚೀಚೆಯಾಗದೆ ಕೂತರೆ ಮಾತ್ರ ಪಂದ್ಯಕ್ಕೆ. ದೋಣಿ ಎಲ್ಲರದೂ ಒಂದೇ, ಗೆದ್ದರೆ ಅದು ಗೆದ್ದವನ ಕೈಚಳಕ. ಈ ದೋಣಿಗಳ ಹೆಮ್ಮೆಯೇ ಅದು. ಹಾಗೆಂದು ಎಲ್ಲವನ್ನೂ ಅಳೆದಿದ್ದರು, ಇದೊಂದನ್ನು ಬಿಟ್ಟು. ಮಗಳು ತಾಯಿಯನ್ನು ಹೋಲುತ್ತಾಳಾ ಎಂದು ನೋಡುತ್ತಾರೆಯೇ ಹೊರತು ತಾಯಿ ಮಗಳನ್ನು ಹೋಲುತ್ತಾಳಾ ಎಂದು ಯಾರು ನೋಡುತ್ತಾರೆ? ಇವತ್ತೂ ನೋಡುತ್ತಿರಲಿಲ್ಲ. ನಾಳೆ ನೂರನೇ ವರ್ಷದ ಪಂದ್ಯ, ಮೊದಲ ದೋಣಿಯ ಮೇಲೆ ಹಲಗೆ ಇಟ್ಟು ಒಂದು ಫೋಟೋ ತೆಗೆಸೋಣ ಎಂದು ಕ್ಲಬ್ಬಿನ ಅಧ್ಯಕ್ಷರಿಗೆ ಆಸೆಯಾಗಿತ್ತು, ಅಷ್ಟೆ.

“ಏನೇ, ದೆವ್ವ ಕಂಡವಳ ಹಾಗೆ ನಿಂತಿದ್ದೀಯ?” ವಾರ್ನಿಷ್ ಡಬ್ಬ ಹಿಡಿದು ಗಂಡ ಶೆಡ್ಡಿನೊಳಗೆ ಬಂದ.

ಅವಳ ಕಣ್ಣು ಸಂದಿನ ಮೇಲೇ ಇತ್ತು. ಅವತ್ತೂ ಇದೇ ಹಲಗೆ, ಇದೇ ಜಾಗ, ಇಷ್ಟೇ ಸಂದು. ಮದುವೆಯಾದ ಹೊಸತರಲ್ಲಿ ಅವನೂ ಒಂದು ದೋಣಿ ಕಟ್ಟಿದ್ದ. ಉಳಿದವರು ಹಲಗೆ ನೋಡಿ ಕಟ್ಟುತ್ತಿದ್ದರೆ ಈ ಮಹಾರಾಯ ಮೊದಲ ದೋಣಿಯ ಮೈಯನ್ನೇ ಸವರಿ ಸವರಿ, ಕೈಗೆ ಸಿಕ್ಕ ಅಂದಾಜಿನ ಮೇಲೆ ಕಟ್ಟಿದ. ಹೆಂಡತಿಯೇ ಅಳೆಯೋದು, ಇನ್ನೇನು ಬಿಡು ಎಂದು ಜನ ಆಡಿಕೊಂಡರು. ಆ ಮಾತಿಗೆ ಹೆದರಿಯೇ ಅವಳು ಇನ್ನಷ್ಟು ಬಿಗಿಯಾಗಿ ಅಳೆದು, ಎಲ್ಲರೆದುರು ಹೇಳಿಬಿಟ್ಟಳು: “ಪಕ್ಕೆ ಉಬ್ಬಿದೆ. ಪಂದ್ಯಕ್ಕಿಲ್ಲ.” ದಡದ ಮೇಲಿದ್ದವರು “ಬಸುರಿ ದೋಣಿ, ಬಸುರಿ ದೋಣಿ” ಎಂದು ಹೊಟ್ಟೆ ಹಿಡಿದು ನಕ್ಕರು.

ಅವನು ಜಗಳವಾಡಲಿಲ್ಲ. ಮನೆಗೆ ಹೋಗಿ ದೋಣಿಯನ್ನು ನಡುವಿಗೆ ಕೊಯ್ದ. ಅದರ ಮುಂಭಾಗ ಇವತ್ತಿಗೂ ಅವರ ಅಡುಗೆಮನೆಯಲ್ಲಿ ನೆಟ್ಟಗೆ ನಿಂತು, ಸಕ್ಕರೆ, ಚಹಾ ಪುಡಿಯ ಡಬ್ಬಗಳಿಗೆ ಬೀರುವಾಗಿದೆ. ಮತ್ತೆ ಅವನು ದೋಣಿ ಕಟ್ಟಲೇ ಇಲ್ಲ. ಊರವರ ದೋಣಿಗೆ ಬಣ್ಣ ಬಳಿದುಕೊಂಡು ಇದ್ದುಬಿಟ್ಟ. ಮನೆಗೆ ನೆಂಟರು ಬಂದರೆ “ನಮ್ಮನೇಲಿ ಉಪ್ಪು ಹಾಕೋಕೂ ಹಲಗೆ ಇಟ್ಟು ನೋಡ್ತಾರೆ” ಎಂದು ನಗುತ್ತಿದ್ದ. ಆ ನಗು ಅವಳಿಗೆ ಒಂದು ದಿನವೂ ಹಿಡಿಸಿರಲಿಲ್ಲ.

“ರೀ, ಇಲ್ಲಿ ಬೆರಳಿಡಿ.”

ಇಟ್ಟ. ಇಟ್ಟವನು ತೆಗೆಯಲಿಲ್ಲ. ಡಬ್ಬ ಕೈಜಾರಿ ಬಿದ್ದು ವಾರ್ನಿಷ್ ನೆಲದ ಮೇಲೆಲ್ಲ ಹರಿಯಿತು. ಇಬ್ಬರಿಗೂ ಅದರ ಪರಿವೆಯಿಲ್ಲ.

“ಇದು ಹೇಗಾಯ್ತೇ?”

“ಹಲಗೆ ಸವೆದಾಗೆಲ್ಲ ಹಲಗೆ ನೋಡ್ಕೊಂಡೇ ಇನ್ನೊಂದು ಮಾಡಿದ್ವಿ. ಹಳೇ ಹಲಗೆಯ ಬಾಗಿನ ಒಳಗಡೆ ಪೆನ್ಸಿಲ್ ಗೆರೆ ಎಳೆಯೋದು, ಗೆರೆ ಉಳಿಸಿ ಕೊಯ್ಯೋದು. ನಮ್ಮಪ್ಪ ಮಾಡ್ತಿದ್ದಿದ್ದೂ ಹಾಗೇ, ಅವರ ಹಿಂದಿನವರೂ ಹಾಗೇ. ಪ್ರತಿ ಸಲ ಒಂದು ಗೆರೆಯಷ್ಟು ಬಿಗಿ. ದೋಣಿ ಹತ್ರ ವಾಪಸ್ ಬಂದು ಯಾರೂ ನೋಡ್ಲೇ ಇಲ್ಲ ರೀ.” ಅವಳು ಅವನ ಕಡೆ ತಿರುಗಿದಳು. “ನಿಮ್ಮ ದೋಣಿ ಸರಿಯಾಗಿತ್ತು.”

ಅವನು ತನ್ನ ಎರಡೂ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. “ಇಷ್ಟು ವರ್ಷ ಈ ಕೈಯನ್ನ ನಾನೇ ನಂಬಲಿಲ್ಲವಲ್ಲೇ.”

ಅಷ್ಟರಲ್ಲಿ ಅಧ್ಯಕ್ಷರು ಬಂದರು. ಬೆರಳಿಟ್ಟು ನೋಡಿದ್ದೇ ಅವರ ಮುಖದ ಬಣ್ಣ ಇಳಿಯಿತು.

“ಅಯ್ಯಯ್ಯೋ! ನಾಳೆ ಪಂದ್ಯ ಇಟ್ಕೊಂಡು! ಹಾಗಾದ್ರೆ ನಾನು ಗೆದ್ದಿದ್ದೆಲ್ಲ?” ಎಂದು ಅಲ್ಲೇ ಕುಕ್ಕರಿಸಿದರು. ಸ್ವಲ್ಪ ಹೊತ್ತು ಬೆವರು ಒರೆಸಿಕೊಂಡ ಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಒಂದು ಕೆಲಸ ಮಾಡಿ. ಎರಡೂ ಪಕ್ಕೆಗೆ ಉಜ್ಜುಗೊರಡು ಹೊಡೆದುಬಿಡಿ. ಹಲಗೆ ತಾನಾಗೇ ಕೂತ್ಕೊಳ್ಳುತ್ತೆ.”

“ಮೊದಲ ದೋಣೀನಾ? ಅದನ್ನೇ ಕೆತ್ತೋದಾ?” ಗಂಡ ಹೆಂಡತಿ ಇಬ್ಬರ ಬಾಯಲ್ಲೂ ಒಟ್ಟಿಗೇ ಬಂತು.

“ಮತ್ತೇನ್ರೀ, ಮಿಕ್ಕ ದೋಣಿಗಳೆಲ್ಲ ತಪ್ಪು ಅನ್ನೋಕಾಗುತ್ತಾ? ನಾವು ಮೂರು ಜನ ಬಾಯಿ ಮುಚ್ಕೊಂಡಿದ್ರೆ ಆಯ್ತಪ್ಪ.”

ಗಂಡ ಗೋಡೆಯಿಂದ ಉಜ್ಜುಗೊರಡು ತಂದು ಅವಳ ಕೈಗಿಟ್ಟ. “ನನ್ನ ದೋಣಿಗೆ ತೀರ್ಪು ಹೇಳಿದವಳು ನೀನು. ಇದಕ್ಕೂ ನೀನೇ ಹೇಳು.” ಈ ಸಲ ಅವನು ನಗಲಿಲ್ಲ.

ಉಜ್ಜುಗೊರಡಿನ ಅಲಗನ್ನು ಅವಳು ಬೆರಳಿನಿಂದ ಮುಟ್ಟಿ ನೋಡಿದಳು. “ಹಾಂ, ಬೇಗ ಬೇಗ” ಎಂದರು ಅಧ್ಯಕ್ಷರು. ಅವಳು ಅದನ್ನು ಪಕ್ಕಕ್ಕಿಟ್ಟು, ಹಲಗೆಯನ್ನು ಎತ್ತಿ ಬೆಂಚಿನ ಇಕ್ಕಳಕ್ಕೆ ಕಚ್ಚಿಸಿದಳು. ಒಳಬಾಗಿಗೆ ಉಜ್ಜುಗೊರಡು ಹೋಗುವುದಿಲ್ಲ, ಅರ ಬೇಕು. ಅರ ತೆಗೆದುಕೊಂಡಳು.

“ಅಳತೆಯಮ್ಮ! ನಿಮಗೇನು ಹುಚ್ಚಾ?”

ಅವಳು ಅರ ಎಳೆದಳು. ಹಲಗೆಯ ಹಿಟ್ಟು ಉದುರಿ ಬಾಗು ಅಗಲವಾಯಿತು. ಹೊರಗೆ, ನಾಳೆಯ ಪಂದ್ಯಕ್ಕೆಂದು ಸಾಲಾಗಿ ಕಟ್ಟಿದ್ದ ದೋಣಿಗಳೆಲ್ಲ ನಿಂತಲ್ಲೇ ಬಡಕಲಾದವು.