ಸೈರಜ್ ಮುಂದಿನ ನಕ್ಷತ್ರ

“ನೀನಾದ್ರೂ ನೋಡಿದ್ಯಲ್ಲಕ್ಕಾ, ಹೇಳು. ಅಮ್ಮ ಹಿಂಗೇ ಇದ್ಲಾ?” ಎಂದು ಸಿದ್ದಲಿಂಗೇಶ್ ಚೌಕಟ್ಟಿನ ಚಿತ್ರವನ್ನು ಮುಂದೆ ಹಿಡಿದಾಗ, ಮನೆಯಲ್ಲೇ ಜರ್ಮನ್ ಪಾಠ ಹೇಳಿ ಮುಗಿಸಿದ ಅನಘಾ ಸೀಮೆಸುಣ್ಣ ಕೆಳಗಿಡಲೂ ತ್ರಾಣವಿಲ್ಲದೆ ಕುರ್ಚಿಗೆ ಒರಗಿದ್ದಳು. ಅವನು ಕೂಸಾಗಿದ್ದಾಗಲೇ ತೀರಿಕೊಂಡ ಅಮ್ಮನದೊಂದು ಫೋಟೊ ಕೂಡ ಇರಲಿಲ್ಲ. ವಿಜಯನಗರದ ಕಲಾವಿದರೊಬ್ಬರು ಮಕ್ಕಳಿಬ್ಬರ ಮುಖ ನೋಡಿ ಈ ಚಿತ್ರ ಬರೆದುಕೊಟ್ಟಿದ್ದರು.

ಕರಿಹಲಗೆಯ ಮೇಲೆ ‘ಸೈರಜ್’ ಇನ್ನೂ ಹಾಗೇ ಇತ್ತು. ‘ನೋವಿನ’ ಎಂಬರ್ಥದ ಆ ಪುರಾತನ ಪದವನ್ನು ಕಿವಿಯಾರೆ ಕೇಳಿದವರು ಇಂದು ಯಾರೂ ಇಲ್ಲ. ಇಂಗ್ಲಿಷಿನ ‘ಸೋರ್’, ಜರ್ಮನ್ನಿನ ‘ಝೇರ್’ ಎಂಬ ಮಕ್ಕಳನ್ನು ನೋಡಿ ವಿದ್ವಾಂಸರು ಊಹಿಸಿದ ತಾಯಿ ಅದು. ಊಹೆಯೆಂದು ತಿಳಿಯಲೆಂದೇ ಅದರ ಮುಂದೊಂದು ನಕ್ಷತ್ರವಿತ್ತು.

ಚಿತ್ರದಲ್ಲಿ ತನ್ನ ಮೂಗು, ತಮ್ಮನ ಗಲ್ಲ. ಅಮ್ಮನ ಮುಖ ಅವಳಿಗೂ ಎಂದೋ ಮರೆತುಹೋಗಿತ್ತು.

“ಹೂಂ ಕಣೋ, ಹಿಂಗೇ ಇದ್ಲು,” ಎಂದಳು.

ಅವನು ಮೊಳೆ ಹುಡುಕಲು ಒಳಹೋದ. ಅನಘಾ ಚೌಕಟ್ಟನ್ನು ಮಗುಚಿ, ಅದರ ಬೆನ್ನಿಗೆ ಸೀಮೆಸುಣ್ಣದಿಂದ ಪುಟ್ಟದೊಂದು ನಕ್ಷತ್ರ ಬರೆದಳು.