ಗುಹೆಯವರಿಗೆ ‘ಹ’ ಇಲ್ಲ

“ಹ ಬೇಡ ಗುರ್ರಣ್ಣ, ಹ ತೆಗೀರಿ,” ಎಂದ ಗಾಜಿನಾಚೆಯಿಂದ ನಿರ್ದೇಶಕ, ಹನ್ನೊಂದನೆಯ ಸಲ.

ಮೈಕಿನ ಮುಂದೆ ನಿಂತಿದ್ದ ಗುರ್ರಣ್ಣ ಉಸಿರೆಳೆದುಕೊಂಡ. “ಹೋಗು! ಹಳ್ಳ ದಾಟಿದ್ರೆ ಹಲ್ಲು ಮುರೀತೀನಿ!” ಮೂರು ಹಕಾರಗಳೂ ತೊಳೆದು ಬೋರಲು ಹಾಕಿದ ಲೋಟಗಳ ಹಾಗೆ ಹೊಳೆದವು.

“ಇದು ವಾರ್ತೆ ಅಲ್ಲ ಮಾರಾಯ್ರೇ. ನೀವು ಗುಹೆಯವರ ನಾಯಕ. ಮೈ ಹಸಿರು, ಕೋರೆಹಲ್ಲು, ಹುಟ್ಟಿದಾಗಿಂದ ಸ್ನಾನ ಇಲ್ಲ. ‘ಓಗು! ಅಳ್ಳ ದಾಟಿದ್ರೆ ಅಲ್ಲು ಮುರೀತೀನಿ!’ ಬರೆದಿರೋದೇ ಹಾಗೆ.”

“ಆ ಬೆಳ್ಳಿ ಕವಚದ ಬೆಳ್ಳಿಜನ ಮಾತ್ರ ಪುಸ್ತಕ ಓದಿದ ಹಾಗೆ ಮಾತಾಡ್ತಾರಲ್ಲ ಸಾರ್?”

“ಅವರು ಒಳ್ಳೆಯವರು. ಆಟ ಆಡೋರಿಗೆ ಮಾತು ಕಿವಿಗೆ ಬಿದ್ದ ತಕ್ಷಣ ಗೊತ್ತಾಗ್ಬೇಕು, ಯಾರ ಹತ್ರ ದಾರಿ ಕೇಳ್ಬೇಕು, ಯಾರಿಗೆ ಹೊಡೀಬೇಕು ಅಂತ.”

ಹೊರದೇಶದಿಂದ ಬಂದ ಕಂಪ್ಯೂಟರ್ ಆಟವೊಂದಕ್ಕೆ ಅಲ್ಲಿ ಕನ್ನಡದ ದನಿ ಕೂರಿಸುತ್ತಿದ್ದರು. ಹದಿನೆಂಟು ವರ್ಷಗಳಿಂದ ಆ ಸ್ಟುಡಿಯೋದಲ್ಲಿ ಹುಲಿ, ಕರಡಿ, ಬಾಣ ತಗುಲಿದ ಸೈನಿಕ, ಎಲ್ಲಕ್ಕೂ ಗುರ್ ಎನ್ನುತ್ತಿದ್ದುದರಿಂದಲೇ ಅವನಿಗೆ ಆ ಹೆಸರು ಅಂಟಿಕೊಂಡಿತ್ತು. ಈ ಸಲ ಮೊದಲ ಬಾರಿಗೆ ಮಾತು ಸಿಕ್ಕಿತ್ತು, ಒಂದಲ್ಲ, ನಲವತ್ತೆರಡು. ಆದರೆ ಹೊರಗಿನ ಬೆಂಚಿನ ಮೇಲೆ ಕುದುರೆಗಳಿಗೆ ದನಿ ಕೊಡುವವನು ಕಾದು ಕುಳಿತಿದ್ದ. ಮಧ್ಯಾಹ್ನದೊಳಗೆ ಹ ಹೋಗದಿದ್ದರೆ ನಾಯಕನ ಪಾತ್ರ ಕುದುರೆಯವನಿಗೆ ಎಂದು ನಿರ್ದೇಶಕ ಆಗಲೇ ಹೇಳಿಬಿಟ್ಟಿದ್ದ.

ಗುರ್ರಣ್ಣ ಯಾರಿಗೂ ಹೇಳದ ಒಂದು ಸಂಗತಿಯಿತ್ತು. ಅವನ ಮನೆಯಲ್ಲಿ ಯಾರ ಬಾಯಲ್ಲೂ ಹ ಇರಲಿಲ್ಲ. ಮೊಟ್ಟಮೊದಲ ದನಿ ಪರೀಕ್ಷೆಯಲ್ಲಿ ಅವನು “ಕಳ್ಳನನ್ನು ಅಗ್ಗದಲ್ಲಿ ಕಟ್ಟಿರಿ” ಎಂದಾಗ ಯಾರೋ “ದುಬಾರಿಯಲ್ಲಿ ಕಟ್ಟಿದರೆ ಎಷ್ಟಾಗುತ್ತೆ?” ಎಂದು ಕೇಳಿದ್ದರು. ಆಮೇಲೆ ಎರಡು ವರ್ಷ, ಕೋಣೆಯ ಬಾಗಿಲು ಹಾಕಿಕೊಂಡು, ಮೇಣದಬತ್ತಿಯ ಮುಂದೆ ಕುಳಿತು, ಜ್ವಾಲೆ ಅಲುಗಾಡುವವರೆಗೂ ಹಗ್ಗ, ಹಕ್ಕಿ, ಹಾಲು ಎಂದು ಸಾಧನೆ ಮಾಡಿದ್ದ. ಈಗ ತೆಗೆಯೆಂದರೆ ಬರುತ್ತಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಾರದಿರುವುದು ಹಳೆಯ ಗಾದೆ. ಬಾಯಿಗೆ ಬಂದದ್ದು ಬಾಯಿಂದ ಹೋಗದಿರುವುದು ಅವನೊಬ್ಬನ ಕರ್ಮ.

ಬಾಗಿಲು ತೆರೆಯಿತು. ಗುರ್ರಣ್ಣನ ಅಕ್ಕ ಒಳಗೆ ಬಂದಳು.

“ಕನ್ನಡಕ ಬಿಟ್ಟು ಓಗಿದೀಯಲ್ಲೋ ತಮ್ಮಾ! ಅತ್ತು ಸಲ ಏಳಿದೀನಿ, ಒರಡೋ ಮುಂಚೆ ಮೂಗು ಮುಟ್ಕೊಂಡು ನೋಡ್ಕೋ ಅಂತ.”

ನಿರ್ದೇಶಕ ಕುರ್ಚಿಯಿಂದ ಅರ್ಧ ಎದ್ದ. ಗುಂಡಿಗಳ ಬೋರ್ಡಿನ ಮುಂದೆ ಕುಳಿತಿದ್ದ ಧ್ವನಿ ಎಂಜಿನಿಯರ್ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದ.

“ಅಮ್ಮಾ, ಒಂದು ನಿಮಿಷ! ನಾಯಕನ ಹೆಂಡ್ತಿದು ಆರು ಮಾತಿದೆ. ನೀವು ಹೇಳ್ತೀರಾ? ಈಗ ಮಾತಾಡಿದ್ರಲ್ಲ, ಅದೇ ಥರ.”

“ಬೇಡ ಸಾರ್, ಅವಳಿಗೆ ಮನೇಲಿ ಕೆಲಸ ಇದೆ,” ಎಂದ ಗುರ್ರಣ್ಣ.

“ನಿಂಗ್ಯಾರೋ ಏಳಿದ್ದು?” ಅಕ್ಕನ ಮುಖ ಅರಳಿತ್ತು.

ಅವಳು ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡಳು. ತಮ್ಮನ ಸಾಧನೆಯನ್ನು ಎರಡು ವರ್ಷ ಬಾಗಿಲಾಚೆಯಿಂದ ಕೇಳಿಸಿಕೊಂಡವಳು ಅವಳು. ದೊಡ್ಡವರ ಮುಂದೆ ಹೇಗೆ ಮಾತಾಡಬೇಕೆಂದು ಗೊತ್ತಿತ್ತು. ಹಾಳೆಯಲ್ಲಿ ನಾಯಕನ ಹೆಂಡತಿ ತನ್ನ ಅಣ್ಣನನ್ನು ಎಚ್ಚರಿಸುವ ಮಾತು ಇದ್ದದ್ದು “ಅಯ್ಯೋ ಅಣ್ಣಾ, ಅರಸನ ಆನೆ ಬಂತು, ಓಡು!” ಎಂದು. ಅವಳು ಬೆನ್ನು ನೆಟ್ಟಗೆ ಮಾಡಿ, ಒಂದೊಂದೇ ಮಾತಿಗೆ ಎದೆಯಿಂದ ಉಸಿರು ತುಂಬಿ ಹೇಳಿದಳು:

“ಹಯ್ಯೋ ಹಣ್ಣಾ, ಹರಸನ ಹಾನೆ ಬಂತು, ಹೋಡು!”

ಎಂಜಿನಿಯರನ ಹಣೆ ಬೋರ್ಡಿಗೆ ಬಡಿಯಿತು. ನಿರ್ದೇಶಕ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ. ಅಕ್ಕ ಇಬ್ಬರನ್ನೂ ನೋಡಿ ತಾನೂ ಸ್ವಲ್ಪ ನಕ್ಕಳು. “ಸರಿ ಬಂತಾ?”

“ಬಂತು ಹಮ್ಮಾ, ಬಂತು! ಹದ್ಭುತ!” ನಿರ್ದೇಶಕನಿಗೆ ಕಣ್ಣಲ್ಲಿ ನೀರು.

ಅಕ್ಕನ ನಗು ಅರ್ಧಕ್ಕೇ ನಿಂತಿತು. ಅವಳು ಹಾಳೆಯನ್ನು ಇನ್ನೊಮ್ಮೆ ನೋಡಿದಳು, ತಪ್ಪು ಎಲ್ಲಾಯಿತೆಂದು ಹುಡುಕುವವಳ ಹಾಗೆ. ಗುರ್ರಣ್ಣ ಅದನ್ನು ಕಂಡ. ಅವಳನ್ನು ಪಕ್ಕಕ್ಕೆ ಸರಿಸಿ ಮೈಕಿನ ಮೇಲೆ ಬಗ್ಗಿದ.

“ಲೇ! ಓಗ್ರಲೇ ಒರಗೆ! ಯಾರನ್ನ ನೋಡಿ ನಗ್ತಿದೀರ? ಇನ್ನೊಂದ್ಸಲ ಅಲ್ಲು ಬಿಟ್ರೆ ಇಲ್ಲೇ ಊತಾಕ್ಬಿಡ್ತೀನಿ!”

ಗಾಜು ನಡುಗಿದಂತಾಯಿತು. ಹೊರಗೆ ಕುದುರೆಯವನು ಬೆಂಚಿನಿಂದೆದ್ದು ಚಪ್ಪಲಿ ಹುಡುಕಿದ. ನಿರ್ದೇಶಕ ಎಂಜಿನಿಯರನ ಕಡೆ ವಾಲಿ ಪಿಸುಗುಟ್ಟಿದ:

“ರೆಕಾರ್ಡ್ ಆಯ್ತಾ?”

“ಪೂರ್ತಿ.”

“ಗುರ್ರಣ್ಣ, ಕಾಲಿಗೆ ಬೀಳ್ತೀನಿ, ಪಾತ್ರ ನಿಮ್ದೇ! ನಲವತ್ತೆರಡೂ ಹೀಗೇ ಬರ್ಲಿ.”

ಗುರ್ರಣ್ಣನಿಗೆ ಇನ್ನೂ ಏದುಸಿರು. ಅಷ್ಟರಲ್ಲಿ ಎಂಜಿನಿಯರ್ ಆ ಬೈಗುಳವನ್ನು ಚಿತ್ರಕ್ಕೆ ಜೋಡಿಸಿ ಪರದೆಯ ಮೇಲೆ ಬಿಟ್ಟ. ಬೆಳ್ಳಿ ಕವಚ ತೊಟ್ಟ ವೀರನೊಬ್ಬ ಹಳ್ಳ ದಾಟಿ ಬಂದ. ಗುಹೆಯ ಬಾಯಲ್ಲಿ ಹೆಂಡತಿ ಮಕ್ಕಳನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದ ಹಸಿರು ಮೈಯವನು ಕೋರೆಹಲ್ಲು ತೆರೆದು “ಓಗ್ರಲೇ ಒರಗೆ!” ಎಂದ. ವೀರ ಕತ್ತಿ ಎತ್ತಿದ.

ಅಕ್ಕ ಪರದೆಗೆ ಮೂಗು ತಾಗುವಷ್ಟು ಮುಂದೆ ಬಂದಳು.

“ಇವ್ನು ನಮ್ಮೋನೇ ಕಣೋ ತಮ್ಮಾ! ಯಾಕೋ ಒಡೀತಿದಾರೆ ಇವನ್ನ?”