ಒಂಬತ್ತು ನೀಲಿ ತುಂಡುಗಳು

ಒಂಬತ್ತನೆಯ ಬಟ್ಟೆಯ ತುಂಡೂ ನೀಲಿಯಾಗಿಯೇ ರೈಫಲ್ಲಿನ ನಳಿಗೆಯಿಂದ ಹೊರಬಂತು. ಮಗಳು ಅದನ್ನು ಉಳಿದ ಎಂಟರ ಪಕ್ಕದಲ್ಲಿ ಮೇಜಿನ ಮೇಲೆ ಹರಡಿದಳು. ಸುತ್ತ ಸಮಿತಿಯ ಹದಿನೈದು ಮಂದಿ ಕೂತಿದ್ದರು. ಎದುರಿಗೆ ಅವಳ ಅಪ್ಪ ನಿಂತಿದ್ದ.

"ನೀಲಿ ಅಂದ್ರೆ ಏನರ್ಥ?" ಕಾರ್ಯದರ್ಶಿ ಕೇಳಿದರು.

"ತಾಮ್ರ. ಗುಂಡಿನ ಮೇಲಿನ ಹೊದಿಕೆ ಸವೆದು ನಳಿಗೆ ಒಳಗೆ ಅಂಟಿಕೊಳ್ಳುತ್ತೆ. ಮಸಿ ತೆಗೆಯೋ ಎಣ್ಣೆಗೆ ಅದು ಜಗ್ಗಲ್ಲ, ಬೇರೆ ದ್ರಾವಣ ಬೇಕು. ತಾಮ್ರ ಸಿಕ್ಕಿದ್ರೆ ಆ ದ್ರಾವಣ ನೀಲಿಯಾಗುತ್ತೆ."

"ಹಾಗಾದ್ರೆ ನಿಮ್ಮಪ್ಪ ಸ್ವಚ್ಛ ಮಾಡೇ ಇಲ್ಲ."

"ಮಸಿ ಮಾತ್ರ ತೆಗೆದಿದಾರೆ." ಅಪ್ಪನ ಮುಖ ನೋಡುವ ಧೈರ್ಯ ಅವಳಿಗಾಗಲಿಲ್ಲ.

ಶೂಟಿಂಗ್ ಕ್ಲಬ್ಬಿನ ರೈಫಲ್‌ಗಳನ್ನು ಇಪ್ಪತ್ತಾರು ವರ್ಷ ನೋಡಿಕೊಂಡವನು ಅಪ್ಪ. ನಿವೃತ್ತನಾದ ಮೇಲೆ ಆ ಜಾಗಕ್ಕೆ ಮಗಳು ಬಂದಳು. ಅವನು ಕೊನೆಯದಾಗಿ ಸ್ವಚ್ಛ ಮಾಡಿಕೊಟ್ಟ ರೈಫಲನ್ನೇ ಕ್ಲಬ್ಬಿನ ಚಾಂಪಿಯನ್ ದೊಡ್ಡ ಪಂದ್ಯಕ್ಕೆ ಒಯ್ದಿದ್ದಳು. ಗುಂಡುಗಳು ದಿಕ್ಕಾಪಾಲಾದವು. ದೋಷ ಕೈಯದಲ್ಲ, ನಳಿಗೆಯದು ಎಂದು ಅವಳು ದೂರು ಕೊಟ್ಟಳು. "ಪರೀಕ್ಷೆ ನನ್ನ ಮಗಳೇ ಮಾಡ್ಲಿ" ಎಂದದ್ದು ಅಪ್ಪನೇ.

ಅಪ್ಪ ನೀಲಿ ತುಂಡುಗಳನ್ನು ಮುಟ್ಟಲೂ ಇಲ್ಲ. ಮಗಳು ಹೊಸದಾಗಿ ತರಿಸಿದ್ದ ಸರಳನ್ನು ಎತ್ತಿ, ಬಟ್ಟೆ ಸಿಕ್ಕಿಸುವ ಅದರ ಹೊಳೆಯುವ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಸದ್ದಾಗದಂತೆ ಕೆಳಗಿಟ್ಟ.

"ತಪ್ಪು ನಂದೇ. ಇಷ್ಟು ವರ್ಷ ಇದ್ದೂ ಸರಿಯಾಗಿ ಮಾಡ್ಲಿಲ್ಲ," ಎಂದು ತಲೆ ತಗ್ಗಿಸಿ ಹೊರನಡೆದ.

ಅವನಿಗೆಂದು ಗೊತ್ತುಮಾಡಿದ್ದ ಬೀಳ್ಕೊಡುಗೆ ಸಮಾರಂಭ ರದ್ದಾಯಿತು. ಕಾರ್ಯಾಗಾರದ ಬಾಗಿಲಿನಿಂದ ಅವನ ಹೆಸರಿನ ಫಲಕ ಬಿಚ್ಚುವ ಕೆಲಸವೂ ಮಗಳ ಪಾಲಿಗೇ ಬಂತು. ಸ್ಕ್ರೂ ತಿರುಗಿಸುವಾಗ ಹಿಂದೆ ಯಾರೋ ಕಿಸಕ್ಕೆಂದರು. ಭೂಮಿ ಬಾಯ್ಬಿಟ್ಟಿದ್ದರೆ ಇಳಿದುಬಿಡುತ್ತಿದ್ದಳು.

"ನನಗಾದ್ರೂ ಮೊದಲೇ ಹೇಳಬಾರದಿತ್ತಾ?" ಮನೆಯಲ್ಲಿ ಕೇಳಿದಳು.

"ಹೇಳಬೇಕಿತ್ತು," ಎಂದ ಅಪ್ಪ.

ಮುಂದಿನ ದಿನಗಳು ಇನ್ನೂ ಕೆಟ್ಟವು. ಕಪಾಟಿನ ರೈಫಲ್‌ಗಳನ್ನು ಒಂದೊಂದಾಗಿ ತೆಗೆದು ಉಜ್ಜಿದಳು. ಮೊದಲು ಮಸಿಯ ಎಣ್ಣೆ, ಬಟ್ಟೆ ಬೆಳ್ಳಗಾಗುವವರೆಗೆ. ಆಮೇಲೆ ತಾಮ್ರ ತೆಗೆಯುವ ದ್ರಾವಣ. ಎಲ್ಲವೂ ನೀಲಿ. ಹದಿನೆಂಟಕ್ಕೆ ಹದಿನೆಂಟೂ. ಅಪ್ಪ ಒಂದನ್ನೂ ನೆಟ್ಟಗೆ ತೊಳೆದಿರಲಿಲ್ಲ. ಇಂಥವನ ಮಗಳು ಎನಿಸಿಕೊಳ್ಳಲು ಅವಳಿಗೆ ನಾಚಿಕೆಯಾಯಿತು. ಅವನು ಊಟಕ್ಕೆ ಕೂತರೆ ಏನೋ ನೆಪ ಹೇಳಿ ಎದ್ದುಹೋಗುತ್ತಿದ್ದಳು. ಅವನು ಕರೆಯುತ್ತಿರಲಿಲ್ಲ. ಅವಳ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟು ಹೋಗುತ್ತಿದ್ದ.

ತಿಂಗಳು ಕಳೆದ ಮೇಲೆ, ಒಂದು ಮಧ್ಯಾಹ್ನ, ಕಾರ್ಖಾನೆಯಿಂದ ಹೊಸ ನಳಿಗೆಯೊಂದು ಬಂತು. ಇನ್ನೂ ರೈಫಲ್ಲಿಗೆ ಜೋಡಿಸಿರದ, ಒಂದೇ ಒಂದು ಗುಂಡೂ ಹಾಯದ ನಳಿಗೆ. ಸ್ವಚ್ಛವಾದದ್ದು ಹೇಗಿರುತ್ತದೆಂದು ಒಮ್ಮೆಯಾದರೂ ಕಣ್ತುಂಬ ನೋಡೋಣವೆಂದು ಬಟ್ಟೆಯನ್ನು ತಾಮ್ರ ತೆಗೆಯುವ ದ್ರಾವಣದಲ್ಲಿ ನೆನೆಸಿ ಒಳಗೆ ತಳ್ಳಿದಳು. ಸ್ವಲ್ಪ ಹೊತ್ತು ಬಿಟ್ಟು ಎಳೆದಳು.

ನೀಲಿ.

ಇನ್ನೊಂದು ತುಂಡನ್ನು ನೆನೆಸಿ ಸರಳಿನ ತುದಿಗೆ ಸುತ್ತಿ, ಯಾವ ನಳಿಗೆಗೂ ಹಾಕದೆ ಸುಮ್ಮನೆ ಮೇಜಿನ ಮೇಲಿಟ್ಟಳು. ಹತ್ತು ನಿಮಿಷ ಗಡಿಯಾರವನ್ನೇ ನೋಡುತ್ತ ಕೂತಳು. ಅದೂ ನೀಲಿಯಾಯಿತು. ಸರಳಿನ ತುದಿ ಹಿತ್ತಾಳೆಯದು. ಹಿತ್ತಾಳೆಯಲ್ಲಿ ಹೆಚ್ಚಿನ ಪಾಲು ತಾಮ್ರವೇ. ದ್ರಾವಣ ತಿನ್ನುತ್ತಿದ್ದದ್ದು ಅದನ್ನು.

ಅಪ್ಪನ ರೈಫಲ್‌ಗಳು ಮೊದಲಿನಿಂದಲೂ ಸ್ವಚ್ಛವಾಗಿದ್ದವು.

ಬಾಗಿಲಿಗೆ ಬೀಗ ಹಾಕಿದಳೋ ಇಲ್ಲವೋ ನೆನಪಿಲ್ಲದೆ ಮನೆಗೆ ಬಂದಳು. ಅಪ್ಪ ಕಿಟಕಿಯ ಬಳಿ ಕೂತು ಅವಳ ಕೆಲಸದ ಅಂಗಿಗೆ ಗುಂಡಿ ಹೊಲಿಯುತ್ತಿದ್ದ. ಎಲ್ಲವನ್ನೂ ತಡವರಿಸುತ್ತ ಹೇಳಿದಳು. ನಾಳೆಯೇ ಸಮಿತಿಯ ಮುಂದೆ ನಿಂತು ಒಪ್ಪಿಕೊಳ್ಳುತ್ತೇನೆ ಎಂದಳು. ಅವನು ತಲೆಯೆತ್ತಲಿಲ್ಲ, ಬೆರಗೂ ಪಡಲಿಲ್ಲ.

"ನಿನಗೆ ಅವತ್ತೇ ಗೊತ್ತಾಗಿತ್ತಾ, ಅಪ್ಪ?"

ಅಪ್ಪ ಹಲ್ಲಿನಿಂದ ದಾರ ಕಡಿದ. "ಅಷ್ಟು ಜನ ಕೂತಿದ್ರು. ನೀನು ಕೆಲಸಕ್ಕೆ ಸೇರಿ ಎಂಟು ದಿನ ಆಗಿತ್ತಷ್ಟೆ."